ಒಂದು ಕಾಲದ ಏಷ್ಯಾ ಚಾಂಪಿಯನ್: ಬರ್ಮಾ ಫುಟ್‌ಬಾಲ್ ತಂಡದ ಏಳುಬೀಳಿನ ಕಥೆ

2021ರ ಮೇ 28. ಜಪಾನಿನ ಚಿಬಾ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಪಂದ್ಯ ಇನ್ನೇನು ಆರಂಭವಾಗಬೇಕಿತ್ತು. ಮ್ಯಾನ್ಮಾರ್‌ನ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಆ ತಂಡದ ಬದಲಿ ಗೋಲ್‌ಕೀಪರ್ ಪ್ಯೇ ಲ್ಯಾನ್ ಆಂಗ್ ಮೂರು ಬೆರಳುಗಳನ್ನು ಮೇಲೆತ್ತಿ ನಿಂತರು. ತಮಗೆ ನ್ಯಾಯ ಬೇಕೆಂಬ ಬರಹ ಆ ಬೆರಳುಗಳ ಮೇಲಿತ್ತು. ಅದೇ ವರ್ಷದ ಫೆಬ್ರವರಿ 1ರಂದು ತಮ್ಮ ದೇಶದಲ್ಲಿ ಅಧಿಕಾರ ಕಸಿದುಕೊಂಡ ಸೇನೆಯ ವಿರುದ್ಧ ಅವರು ತೋರಿದ ಪ್ರತಿಭಟನೆಯದು. ಪಂದ್ಯವನ್ನು ಜಪಾನ್ 10–0 ಗೋಲುಗಳಿಂದ ಗೆದ್ದಿತು.

ಈ ಫಲಿತಾಂಶವನ್ನಷ್ಟೇ ಕಂಡವರಿಗೆ ಮ್ಯಾನ್ಮಾರ್ ಫುಟ್‌ಬಾಲ್ ಬಲ್ಲದ ನಾಡೆಂದು ತೋರಿದರೆ ಅಚ್ಚರಿಯಿಲ್ಲ. ಆದರೆ 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಪದಕ ಪಟ್ಟಿಯನ್ನು ತೆರೆದು ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿ ಫುಟ್‌ಬಾಲ್ ಚಿನ್ನ ಬರ್ಮಾಕ್ಕೆ, ಬೆಳ್ಳಿ ಇರಾನ್‌ಗೆ. ಜಪಾನ್‌ಗೆ ದೊರೆತದ್ದು ಕಂಚು. ಇಂದು ಮ್ಯಾನ್ಮಾರ್ ಎಂದು ಕರೆಯಲಾಗುವ ದೇಶವೇ ಅಂದಿನ ಬರ್ಮಾ. ಏಷ್ಯಾದ ಅಗ್ರ ತಂಡವೊಂದು ಐದೂವರೆ ದಶಕಗಳಲ್ಲಿ ಈ ಸ್ಥಿತಿಗೆ ಇಳಿದದ್ದು ಹೇಗೆ? ಉತ್ತರವನ್ನು ಮೈದಾನದೊಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ.

ಬೆತ್ತದ ಚೆಂಡು, ಬ್ರಿಟಿಷರ ಚೆಂಡು

ಚೆಂಡನ್ನು ಕಾಲಿನಿಂದ ಆಡಿಸುವ ಕಲೆ ಬರ್ಮೀಯರಿಗೆ ಹೊಸದಾಗಿರಲಿಲ್ಲ. ಬೆತ್ತದಿಂದ ಹೆಣೆದ ಹಗುರ ಚೆಂಡಿನಿಂದ ಆಡುವ ‘ಚಿನ್‌ಲೋನ್’ ಅಲ್ಲಿನ ಪ್ರಾಚೀನ ಆಟ. ಆರು ಮಂದಿ ವೃತ್ತಾಕಾರದಲ್ಲಿ ನಿಂತು, ಪಾದ ಮತ್ತು ಮೊಣಕಾಲುಗಳ ಬಳಕೆಯಿಂದ ಚೆಂಡು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಎದುರಾಳಿಯಿಲ್ಲ, ಸೋಲು ಗೆಲುವಿಲ್ಲ. ಆಟದ ಸೊಬಗೇ ಅದರ ಗುರಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷರು ಫುಟ್‌ಬಾಲನ್ನು ತಂದರು. ರಂಗೂನಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಶಿಕ್ಷಕರಾಗಿದ್ದು, ಮುಂದೆ ವಸಾಹತು ಆಡಳಿತಾಧಿಕಾರಿಯಾಗಿ ಹೆಸರಾದ ಜೇಮ್ಸ್ ಜಾರ್ಜ್ ಸ್ಕಾಟ್ ಈ ಆಟವನ್ನು ಅಲ್ಲಿ ಪರಿಚಯಿಸಿದರೆಂಬುದು ದಾಖಲಾಗಿರುವ ಸಂಗತಿ. ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯವೇ ಆಗಿತ್ತು. 1948ರ ಜನವರಿ 4ರಂದು ಅದು ಸ್ವತಂತ್ರವಾಯಿತು. 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಸ್ಪರ್ಧೆಯಲ್ಲಿ ಪಾಲ್ಗೊಂಡ ಆರು ತಂಡಗಳ ಪೈಕಿ ಬರ್ಮಾ ಕೂಡ ಒಂದು. 1954ರ ಮನಿಲಾ ಕೂಟದಲ್ಲಿ ಇಂಡೊನೇಷ್ಯಾವನ್ನು 5–4ರಿಂದ ಸೋಲಿಸಿ ಕಂಚು ಗೆದ್ದಾಗ ಅದರ ಹೆಸರು ಮೊದಲ ಬಾರಿಗೆ ಪದಕ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಏಷ್ಯನ್ ಫುಟ್‌ಬಾಲ್ ಒಕ್ಕೂಟ ಸ್ಥಾಪನೆಯಾದದ್ದೂ ಅದೇ ವರ್ಷ. ಸ್ಥಾಪಕ ಸದಸ್ಯರಲ್ಲಿ ಭಾರತದಂತೆ ಬರ್ಮಾ ಸಹ ಇತ್ತು.

ಚಿನ್ನದ ದಶಕ

ಬರ್ಮಾದ ಏಳಿಗೆ ಶುರುವಾದದ್ದು ಹಿರಿಯರ ತಂಡದಿಂದಲ್ಲ, ಕಿರಿಯರ ತಂಡದಿಂದ. 1961ರಿಂದ 1970ರವರೆಗಿನ ಹತ್ತು ವರ್ಷಗಳಲ್ಲಿ ಏಷ್ಯನ್ ಯುವ ಚಾಂಪಿಯನ್‌ಷಿಪ್ ಅನ್ನು ಬರ್ಮಾ ಏಳು ಸಲ ಗೆದ್ದಿತು. ಇವುಗಳಲ್ಲಿ ಕೆಲವು ಇತರ ತಂಡಗಳೊಡನೆ ಹಂಚಿಕೊಂಡ ಪ್ರಶಸ್ತಿಗಳು. ಹಾಗಿದ್ದರೂ ಹೊಸ ಆಟಗಾರರ ಪೂರೈಕೆ ಎಷ್ಟು ಸಮೃದ್ಧವಾಗಿತ್ತೆಂಬುದಕ್ಕೆ ಈ ದಾಖಲೆಯೇ ಸಾಕ್ಷಿ.

ಯುವ ತಂಡದಲ್ಲಿ ಪಳಗಿದವರು ರಾಷ್ಟ್ರೀಯ ತಂಡಕ್ಕೆ ಬರುತ್ತಿದ್ದಂತೆ ಗೆಲುವುಗಳ ಸರಣಿ ಆರಂಭವಾಯಿತು. 1964ರಲ್ಲಿ ಕೌಲಾಲಂಪುರದ ಮೆರ್ಡೆಕಾ ಟೂರ್ನಿಯ ಪ್ರಶಸ್ತಿ ಬಂತು. 1966ರ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನ್ ವಿರುದ್ಧ 1–0 ಜಯ ದೊರೆಯಿತು. 1968ರಲ್ಲಿ ಟೆಹರಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಇಸ್ರೇಲ್ ಮತ್ತು ಹಾಂಗ್‌ಕಾಂಗ್ ತಂಡಗಳನ್ನು ಸೋಲಿಸಿ, ಆತಿಥೇಯ ಇರಾನ್‌ನ ಹಿಂದೆ ಎರಡನೆಯ ಸ್ಥಾನ ಪಡೆಯಿತು.

1970ರಲ್ಲಿ ಬ್ಯಾಂಕಾಕ್‌ನಲ್ಲೇ ನಡೆದ ಮತ್ತೊಂದು ಏಷ್ಯನ್ ಕ್ರೀಡಾಕೂಟ ಭಾರತದ ಕ್ರೀಡಾಭಿಮಾನಿಗಳಿಗೂ ನೆನಪಿರಬೇಕಾದದ್ದು. ಸೈಯದ್ ನಯೀಮುದ್ದೀನ್ ನಾಯಕತ್ವದ ಭಾರತ ತಂಡ ಅಲ್ಲಿ ಕಂಚು ಗೆದ್ದಿತು. ಭಾರತದ ಚಿನ್ನದ ಹಾದಿಯನ್ನು ಸೆಮಿಫೈನಲ್‌ನಲ್ಲಿ 2–0ರಿಂದ ಮುಚ್ಚಿದ್ದು ಇದೇ ಬರ್ಮಾ. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಗೋಲಿಲ್ಲದೆ ಮುಗಿದು, ಎರಡೂ ತಂಡಗಳು ಚಿನ್ನವನ್ನು ಹಂಚಿಕೊಂಡವು. ಆಗ್ನೇಯ ಏಷ್ಯಾದ ಕ್ರೀಡಾಕೂಟದಲ್ಲಂತೂ 1965ರಿಂದ 1973ರವರೆಗೆ ಸತತ ಐದು ಕೂಟಗಳಲ್ಲಿ ಚಿನ್ನ ಬರ್ಮಾದ್ದೇ. ಮೊದಲನೆಯದನ್ನು ಮಾತ್ರ ಅದು ಥಾಯ್ಲೆಂಡ್‌ನೊಂದಿಗೆ ಹಂಚಿಕೊಂಡಿತ್ತು.

ಈ ತಂಡದ ಹೆಸರಾಂತ ನಾಯಕ ಸುಕ್ ಬಹದ್ದೂರ್. ಹೆಸರೇ ಸೂಚಿಸುವಂತೆ ಅವರು ಗೂರ್ಖಾ ಮೂಲದವರು. 1950ರ ದಶಕದಿಂದ 1970ರವರೆಗೆ ಬರ್ಮಾದ ಅಂಗಿ ತೊಟ್ಟ ಅವರನ್ನು ಆ ದೇಶದ ಸಾರ್ವಕಾಲಿಕ ಶ್ರೇಷ್ಠ ಆಟಗಾರರ ಸಾಲಿನಲ್ಲಿ ಎಣಿಸಲಾಗುತ್ತದೆ. ವಲಸೆ ಬಂದ ಹಲವು ಸಮುದಾಯಗಳನ್ನು ಒಳಗೊಂಡಿದ್ದ ಹಳೆಯ ಬರ್ಮಾದ ಛಾಯೆ ಆ ತಂಡದಲ್ಲಿತ್ತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದದ್ದು ಈ ಅಧ್ಯಾಯದ ಕೊನೆಯ ದೊಡ್ಡ ಸಾಧನೆ. ಆಗ ತಂಡದ ತರಬೇತುದಾರರಾಗಿದ್ದವರು ಜರ್ಮನಿಯ ಬರ್ಟ್ ಟ್ರೌಟ್‌ಮನ್. ಮ್ಯಾಂಚೆಸ್ಟರ್ ಸಿಟಿ ತಂಡದ ಗೋಲ್‌ಕೀಪರ್ ಆಗಿ 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಕುತ್ತಿಗೆಯ ಮೂಳೆ ಮುರಿದರೂ ಪಂದ್ಯ ಮುಗಿಯುವವರೆಗೆ ಆಡಿದ ಕಾರಣಕ್ಕೆ ಪ್ರಸಿದ್ಧರಾದವರು ಇವರೇ. ಮ್ಯೂನಿಕ್‌ನಲ್ಲಿ ಬರ್ಮಾ ಸೋವಿಯತ್ ಒಕ್ಕೂಟ ಮತ್ತು ಮೆಕ್ಸಿಕೊ ತಂಡಗಳೆದುರು ತಲಾ 0–1 ಅಂತರದಿಂದ ಸೋತು, ಸುಡಾನ್ ವಿರುದ್ಧ 2–0ರಿಂದ ಗೆದ್ದಿತು. ಕೊನೆಗೆ ಕಂಚಿನ ಪದಕ ಪಡೆದ ಸೋವಿಯತ್ ತಂಡಕ್ಕೆ ಒಂದೇ ಗೋಲು ಬಿಟ್ಟುಕೊಟ್ಟಿದ್ದ ಬರ್ಮಾ ಮತ್ತೆಂದೂ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಮರಳಲಿಲ್ಲ.

ಆಡದೆ ಉಳಿದ ವಿಶ್ವಕಪ್

ಈ ವೈಭವದ ನಡುವೆ ಒಂದು ವಿಚಿತ್ರ ಕೊರತೆ ಎದ್ದು ಕಾಣುತ್ತದೆ. ಏಷ್ಯಾವನ್ನು ಗೆದ್ದ ಆ ತಂಡ ತನ್ನ ಉಚ್ಛ್ರಾಯದ ಕಾಲದಲ್ಲಿ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1950ರ ವಿಶ್ವಕಪ್‌ಗೆ ಅದು ಭಾರತವಿದ್ದ ಗುಂಪಿನಲ್ಲೇ ಹೆಸರು ನೋಂದಾಯಿಸಿತ್ತು. ಬರ್ಮಾ ಮತ್ತು ಗುಂಪಿನ ಇತರ ತಂಡಗಳು ಹಿಂದೆ ಸರಿದಿದ್ದರಿಂದಲೇ ಭಾರತಕ್ಕೆ ಆಡದೆಯೇ ಅರ್ಹತೆ ದೊರೆಯಿತು. ಭಾರತವೂ ಕೊನೆಗೆ ಬ್ರೆಜಿಲ್‌ಗೆ ಹೋಗಲಿಲ್ಲವೆಂಬುದು ಬೇರೆಯೇ ಕಥೆ.

ಅನಂತರದ ನಾಲ್ಕು ದಶಕಗಳಲ್ಲಿ ಬರ್ಮಾ ವಿಶ್ವಕಪ್‌ನತ್ತ ಮುಖ ಮಾಡಲಿಲ್ಲ. 1994ರ ಮತ್ತು 2002ರ ವಿಶ್ವಕಪ್‌ಗಳಿಗೆ ಹೆಸರು ಕೊಟ್ಟು ಹಿಂದೆಗೆಯಿತು. 2002ರ ಹಿಂದೆಗೆತಕ್ಕೆ ದಂಡವಾಗಿ 2006ರ ಅರ್ಹತಾ ಸುತ್ತಿನಿಂದ ಫಿಫಾ ಅದನ್ನು ಹೊರಗಿಟ್ಟಿತು. ಕೊನೆಗೂ ಮೊದಲ ಪಂದ್ಯ ಆಡಿದ್ದು 2007ರ ಅಕ್ಟೋಬರ್‌ನಲ್ಲಿ, ಚೀನಾ ವಿರುದ್ಧ. ಅದಕ್ಕೆ ಕೆಲವೇ ವಾರಗಳ ಹಿಂದೆ ಬೌದ್ಧ ಭಿಕ್ಷುಗಳ ನೇತೃತ್ವದ ಪ್ರತಿಭಟನೆಗಳನ್ನು ಸೇನಾಡಳಿತ ಹತ್ತಿಕ್ಕಿತ್ತು. ಮ್ಯಾನ್ಮಾರ್ 0–7 ಮತ್ತು 0–4 ಅಂತರದಲ್ಲಿ ಸೋತಿತು. ತವರಿನ ಪಂದ್ಯವೂ ನಡೆದದ್ದು ಕೌಲಾಲಂಪುರದಲ್ಲಿ.

ಮುಚ್ಚಿದ ಬಾಗಿಲು

ಪತನಕ್ಕೆ ಸೇನಾಡಳಿತವೇ ಕಾರಣವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಏಕೆಂದರೆ ಚಿನ್ನದ ದಶಕ ಕೂಡ ಸೇನೆಯ ಆಳ್ವಿಕೆಯಲ್ಲೇ ಅರಳಿತು. ಜನರಲ್ ನೆ ವಿನ್ ಅಧಿಕಾರ ಹಿಡಿದದ್ದು 1962ರ ಮಾರ್ಚ್ 2ರಂದು. ಬರ್ಮಾದ ದೊಡ್ಡ ಗೆಲುವುಗಳೆಲ್ಲ ಅದರ ನಂತರದವು. ಆ ದಿನಗಳಲ್ಲಿ ಏಷ್ಯಾದ ಫುಟ್‌ಬಾಲ್ ಬಹುಮಟ್ಟಿಗೆ ಹವ್ಯಾಸಿ ಆಟವಾಗಿತ್ತು. ಪ್ರತಿಭೆಯಿದ್ದು, ಒಳ್ಳೆಯ ಯುವ ತಂಡಗಳಿದ್ದರೆ ಸಾಕಿತ್ತು. ಹಣಕ್ಕೆ ದೊಡ್ಡ ಪಾತ್ರವಿರಲಿಲ್ಲ.

ನೆ ವಿನ್ ಅವರ ‘ಸಮಾಜವಾದಕ್ಕೆ ಬರ್ಮೀ ಮಾರ್ಗ’ ದೇಶವನ್ನು ಹೊರಜಗತ್ತಿನಿಂದ ಮೆಲ್ಲನೆ ಬೇರ್ಪಡಿಸಿತು. ಉದ್ಯಮ ವ್ಯಾಪಾರಗಳು ರಾಷ್ಟ್ರೀಕರಣಗೊಂಡವು. ಭಾರತೀಯ ಮೂಲದ ಲಕ್ಷಾಂತರ ಮಂದಿ ತಲೆಮಾರುಗಳಿಂದ ನೆಲೆಸಿದ್ದ ನೆಲವನ್ನು ಬಿಟ್ಟು ಬರಬೇಕಾಯಿತು. 1987ರ ಸೆಪ್ಟೆಂಬರ್‌ನಲ್ಲಿ 25, 35 ಮತ್ತು 75 ಕ್ಯಾಟ್ ಮುಖಬೆಲೆಯ ನೋಟುಗಳನ್ನು ಪರಿಹಾರವಿಲ್ಲದೆ ರದ್ದುಗೊಳಿಸಿದಾಗ ಜನರ ಉಳಿತಾಯ ಕ್ಷಣಮಾತ್ರದಲ್ಲಿ ಕರಗಿತು. ಅದೇ ವರ್ಷ ವಿಶ್ವಸಂಸ್ಥೆ ಬರ್ಮಾವನ್ನು ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಗೆ ಸೇರಿಸಿತು. 1988ರ ಜನಾಂದೋಲನ ರಕ್ತಪಾತದಲ್ಲಿ ಕೊನೆಗೊಂಡಿತು. ಮರುವರ್ಷ ಸೇನಾಡಳಿತ ದೇಶದ ಹೆಸರನ್ನು ಮ್ಯಾನ್ಮಾರ್ ಎಂದೂ, ರಂಗೂನನ್ನು ಯಾಂಗೊನ್ ಎಂದೂ ಬದಲಾಯಿಸಿತು.

ಇದೇ ಅವಧಿಯಲ್ಲಿ ನೆರೆಹೊರೆ ಬದಲಾಗುತ್ತಿತ್ತು. ದಕ್ಷಿಣ ಕೊರಿಯಾ 1983ರಲ್ಲಿ, ಜಪಾನ್ 1993ರಲ್ಲಿ ವೃತ್ತಿಪರ ಲೀಗ್ ಆರಂಭಿಸಿದವು. ತರಬೇತಿ, ಆಹಾರ, ವೈದ್ಯಕೀಯ ನೆರವು, ವಿದೇಶ ಪ್ರವಾಸ ಎಲ್ಲವೂ ಆಟದ ಭಾಗವಾದವು. ಇವೆಲ್ಲಕ್ಕೂ ಬೇಕಾದದ್ದು ಹಣ ಮತ್ತು ಹೊರಜಗತ್ತಿನ ಸಂಪರ್ಕ. ಬರ್ಮಾದಲ್ಲಿ ಇವೆರಡಕ್ಕೂ ಬರವಿತ್ತು. ಬರ್ಮೀ ಆಟಗಾರರು ಒಮ್ಮೆಲೇ ಆಟ ಮರೆತದ್ದಲ್ಲ. ಉಳಿದವರು ಓಡುತ್ತಿದ್ದಾಗ ಅವರು ನಿಂತಲ್ಲೇ ನಿಲ್ಲಬೇಕಾಯಿತು. 1973ರ ನಂತರ ಆಗ್ನೇಯ ಏಷ್ಯಾ ಕ್ರೀಡಾಕೂಟದ ಪುರುಷರ ಫುಟ್‌ಬಾಲ್ ಚಿನ್ನ ಅವರ ಕೈಗೆ ಮತ್ತೆ ಸಿಗಲಿಲ್ಲ. 1993 ಮತ್ತು 2007ರಲ್ಲಿ ಫೈನಲ್ ತಲುಪಿ ಬೆಳ್ಳಿಗೆ ತೃಪ್ತಿಪಟ್ಟರು. 1968ರಲ್ಲಿ ಎರಡನೆಯ ಸ್ಥಾನ ಗಳಿಸಿದ ಏಷ್ಯಾ ಕಪ್‌ನ ಪ್ರಧಾನ ಸುತ್ತನ್ನು 2023ರ ಆವೃತ್ತಿಯವರೆಗೂ ಮತ್ತೊಮ್ಮೆ ಮುಟ್ಟಲಾಗಲಿಲ್ಲ.

ಜನರಲ್‌ಗಳ ಲೀಗ್

2009ರಲ್ಲಿ ಮ್ಯಾನ್ಮಾರ್ ನ್ಯಾಷನಲ್ ಲೀಗ್ ಆರಂಭವಾಯಿತು. ಅದರ ಹುಟ್ಟಿನ ಕುರಿತು ಅಮೆರಿಕ ರಾಯಭಾರ ಕಚೇರಿಯ ರಹಸ್ಯ ವರದಿಯೊಂದನ್ನು 2010ರಲ್ಲಿ ವಿಕಿಲೀಕ್ಸ್ ಬಯಲು ಮಾಡಿತು. ಅಂದಿನ ಸೇನಾ ಮುಖ್ಯಸ್ಥ ಥಾನ್ ಶ್ವೇ 100 ಕೋಟಿ ಡಾಲರ್ ತೆತ್ತು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನೇ ಕೊಳ್ಳುವ ಯೋಚನೆಯಲ್ಲಿದ್ದರು. ನರ್ಗಿಸ್ ಚಂಡಮಾರುತದಿಂದ ದೇಶ ತತ್ತರಿಸಿರುವಾಗ ಅದು ಚೆನ್ನಾಗಿ ಕಾಣದೆಂದು ಮನಗಂಡು, ದೇಶದೊಳಗೇ ಲೀಗ್ ಕಟ್ಟುವಂತೆ ಶ್ರೀಮಂತ ಉದ್ಯಮಿಗಳಿಗೆ ಸೂಚಿಸಿದರು ಎಂಬುದು ಅದರ ಸಾರಾಂಶ. 2008ರ ಮೇ ತಿಂಗಳಿನ ಆ ಚಂಡಮಾರುತ ಲಕ್ಷಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದಿತ್ತು.

ಲೀಗ್‌ನ ಮೂಲ ಏನೇ ಇರಲಿ, ಆಟಗಾರರಿಗೆ ಸಂಬಳ ಸಿಗುವಂತಾಯಿತು. 2011ರ ನಂತರ ರಾಜಕೀಯ ಸಡಿಲಿಕೆಯ ಕಾಲವೂ ಬಂತು. ಆದರೆ ಅಭಿಮಾನಿಗಳ ಅಸಹನೆ ಮಡುಗಟ್ಟಿತ್ತು. 2011ರ ಜುಲೈನಲ್ಲಿ ಯಾಂಗೊನ್‌ನಲ್ಲಿ ಓಮನ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯವನ್ನು ಪ್ರೇಕ್ಷಕರ ದಾಂಧಲೆಯಿಂದಾಗಿ ಅರ್ಧಕ್ಕೆ ನಿಲ್ಲಿಸಬೇಕಾಯಿತು. 2018ರ ವಿಶ್ವಕಪ್ ಅರ್ಹತಾ ಸುತ್ತಿನಿಂದ ಮ್ಯಾನ್ಮಾರನ್ನು ಹೊರಗಿಡಲು ಫಿಫಾ ಮೊದಲು ನಿರ್ಧರಿಸಿತ್ತು. ಮೇಲ್ಮನವಿಯ ಬಳಿಕ, ತವರಿನ ಪಂದ್ಯಗಳನ್ನು ಹೊರಗೆ ಆಡಬೇಕೆಂಬ ಶರತ್ತಿನೊಂದಿಗೆ ಅವಕಾಶ ನೀಡಿತು.

ಭರವಸೆಯ ಕಿರಣ ಕಂಡದ್ದು ಮತ್ತೆ ಕಿರಿಯರಲ್ಲೇ. 2014ರಲ್ಲಿ ತವರಿನಲ್ಲಿ ನಡೆದ ಏಷ್ಯನ್ 19 ವರ್ಷದೊಳಗಿನವರ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಯುಎಇ ತಂಡವನ್ನು 1–0ರಿಂದ ಮಣಿಸಿ, ಮ್ಯಾನ್ಮಾರ್ 2015ರ 20 ವರ್ಷದೊಳಗಿನವರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ನ್ಯೂಜಿಲೆಂಡ್‌ನಲ್ಲಿ ಮೂರೂ ಪಂದ್ಯ ಸೋತರೂ, ಫಿಫಾ ವಿಶ್ವಕಪ್ ಒಂದರಲ್ಲಿ ಆ ದೇಶದ ಧ್ವಜ ಹಾರಿದ್ದು ಅದೇ ಮೊದಲು. 2016ರ ಆಗ್ನೇಯ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಹಿರಿಯರ ತಂಡ ಸೆಮಿಫೈನಲ್ ಮುಟ್ಟಿತು. 2017ರ ಮಾರ್ಚ್‌ನಲ್ಲಿ ಯಾಂಗೊನ್‌ಗೆ ಹೋದ ಭಾರತ ತಂಡಕ್ಕೂ ಗೆಲುವು ಸುಲಭವಾಗಲಿಲ್ಲ. ಆಗ ಬೆಂಗಳೂರು ಎಫ್‌ಸಿಯ ನಾಯಕರೂ ಆಗಿದ್ದ ಸುನಿಲ್ ಚೆಟ್ರಿ ಪಂದ್ಯದ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಭಾರತ 1–0ರ ಜಯ ಕಂಡಿತು.

ಅಂಗಿ ಯಾರದು?

ಈ ಚೇತರಿಕೆಯ ಹಾದಿಗೆ 2021ರ ಫೆಬ್ರವರಿಯ ಸೇನಾ ಕ್ಷಿಪ್ರಕ್ರಾಂತಿ ಅಡ್ಡ ಬಂತು. ಬೀದಿಗಿಳಿದ ಜನರ ಮೇಲೆ ಸೇನೆ ಗುಂಡು ಹಾರಿಸುತ್ತಿರುವಾಗ ಆಟಗಾರರ ಮುಂದೆ ಕಠಿಣ ಪ್ರಶ್ನೆಯೊಂದು ಎದುರಾಯಿತು. ದೇಶದ ಅಂಗಿ ತೊಟ್ಟು ಆಡಿದರೆ ಅದು ಜನರ ಪರವಾಗಿಯೇ, ಆಳುವವರ ಪರವಾಗಿಯೇ? ಹಲವು ಆಟಗಾರರು ರಾಷ್ಟ್ರೀಯ ತಂಡಕ್ಕೆ ಆಡಲು ನಿರಾಕರಿಸಿದರು. ಹೀಗೆ ಬಡವಾದ ತಂಡವೇ ಜಪಾನ್‌ಗೆ ಹೋಯಿತು. ಆತಿಥೇಯರೆದುರು 0–10, ಕಿರ್ಗಿಸ್ತಾನದೆದುರು 1–8, ತಜಿಕಿಸ್ತಾನದೆದುರು 0–4 ಅಂತರದ ಸೋಲುಗಳ ಹಿಂದಿದ್ದ ಕಥೆ ಇದು.

ಹೋಗಲೊಪ್ಪದವರದು ಒಂದು ನಿಲುವಾದರೆ, ಹೋಗಿ ಬೆರಳೆತ್ತಿದ ಪ್ಯೇ ಲ್ಯಾನ್ ಆಂಗ್ ಅವರದು ಇನ್ನೊಂದು. ತಂಡ ತಾಯ್ನಾಡಿಗೆ ಮರಳುವಾಗ, 2021ರ ಜೂನ್ 16ರ ರಾತ್ರಿ, ಅವರು ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ವಿಮಾನವೇರಲು ಒಪ್ಪದೆ ಆಶ್ರಯ ಕೋರಿದರು. ನಿರಾಶ್ರಿತರನ್ನು ಒಪ್ಪಿಕೊಳ್ಳುವುದರಲ್ಲಿ ಅತಿ ಬಿಗಿಯೆಂದು ಹೆಸರಾದ ಜಪಾನ್ ಅದೇ ಆಗಸ್ಟ್‌ನಲ್ಲಿ ಅವರಿಗೆ ನಿರಾಶ್ರಿತರ ಮಾನ್ಯತೆ ನೀಡಿತು.

ಬರ್ಮಾ ಏಷ್ಯಾವನ್ನು ಗೆದ್ದದ್ದು ಮಕ್ಕಳನ್ನು ಆಟಕ್ಕೆ ಸಿದ್ಧಗೊಳಿಸಿ, ಸುಕ್ ಬಹದ್ದೂರ್ ಅಂಥವರಿಗೆ ನಾಯಕನ ಪಟ್ಟ ಕೊಟ್ಟು, ಟ್ರೌಟ್‌ಮನ್ ಅಂಥ ಹೊರಗಿನವರಿಂದ ಕಲಿತು. 2014ರ ಕಿರಿಯರನ್ನು ವಿಶ್ವಕಪ್‌ಗೆ ಒಯ್ದ ತರಬೇತುದಾರ ಗೆರ್ಡ್ ಝೈಸ್ ಕೂಡ ಜರ್ಮನಿಯವರೇ. ಬಾಗಿಲು ಅಷ್ಟಿಷ್ಟು ತೆರೆದಾಗಲೆಲ್ಲ ಆ ನಾಡಿನ ಹುಡುಗರು ತಮ್ಮ ಕಾಲ್ಚಳಕವನ್ನು ಮತ್ತೆ ತೋರಿದ್ದಾರೆ. 1966ರ ಚಿನ್ನಕ್ಕೂ 2021ರ ಹತ್ತು ಗೋಲುಗಳಿಗೂ ನಡುವೆ ಬರ್ಮಾ ಕಳೆದುಕೊಂಡದ್ದು ಪ್ರತಿಭೆಯನ್ನಲ್ಲ, ಆ ಪ್ರತಿಭೆ ನಿರ್ಭಯವಾಗಿ ಆಡಬಹುದಾದ ವಾತಾವರಣವನ್ನು.