ಒಂಬತ್ತು ನೂಲು, ಹನ್ನೊಂದು ನೂಲು: ಟ್ರ್ಯಾಕ್ಟರ್ ಹಿಂದಿನ ಶಾಫ್ಟಿನ ಲೆಕ್ಕ

ಮಕ್ಕಳೇ, ನಮ್ಮ ತಾಳವಾಡಿ ಬೆಟ್ಟದ ಹೊಲಗಳಲ್ಲಿ ಟ್ರ್ಯಾಕ್ಟರ್ ಉಳುವುದನ್ನು ನೋಡ್ತಾನೇ ಇರ್ತೀರಿ. ಇಂಜಿನ್ ನಿಂತಿರುವಾಗ ಒಮ್ಮೆ ಅದರ ಹಿಂಬದಿ ಗಮನಿಸಿ. ಎರಡು ದೊಡ್ಡ ಚಕ್ರಗಳ ನಡುವೆ, ಸುತ್ತಲೂ ಹಲ್ಲುಗಳಿರುವ ಒಂದು ಗಿಡ್ಡ ಉಕ್ಕಿನ ಶಾಫ್ಟು ಹೊರಗೆ ಚಾಚಿರುತ್ತೆ. ಅದೇ ಪಿ.ಟಿ.ಒ. ಶಾಫ್ಟು. ರೋಟವೇಟರ್, ಒಕ್ಕಣೆ ಯಂತ್ರಗಳಿಗೆ ಇಂಜಿನಿನ ಶಕ್ತಿ ಹೋಗುವುದು ಇದರ ಮೂಲಕವೇ.

ಇವತ್ತು ರೋಟವೇಟರ್ ಒಂದು ಕಂಪನಿಯದು, ಟ್ರ್ಯಾಕ್ಟರ್ ಇನ್ನೊಂದು ಕಂಪನಿಯದು ಆದರೂ ಸಾಮಾನ್ಯವಾಗಿ ಜೋಡಣೆ ಕೂಡಿಕೊಳ್ಳುತ್ತೆ. ಕಾರಣ, ಅಳತೆ ಒಂದೇ: ವ್ಯಾಸ 1 3/8 ಇಂಚು (ಸುಮಾರು 35 ಮಿ.ಮೀ.), ಹಲ್ಲು 6, ವೇಗ ನಿಮಿಷಕ್ಕೆ 540 ಸುತ್ತು.

ಹಳೇ ಟ್ರ್ಯಾಕ್ಟರುಗಳಲ್ಲಿ ಹೀಗಿರಲಿಲ್ಲ. 1939ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ 9ಎನ್, 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಫರ್ಗುಸನ್ ಟಿಇ20ರ ಮೊದಮೊದಲ ಗಾಡಿಗಳು – ಇವುಗಳ ಶಾಫ್ಟಿಗೂ ಹಲ್ಲು ಆರೇ. ಆದರೆ ವ್ಯಾಸ 1 1/8 ಇಂಚು. ಆ ಚಿಕ್ಕ ಇಂಜಿನುಗಳಿಗೆ ಅಷ್ಟು ಸಾಕಿತ್ತು.

ಬಡಗಿ ಲೆಕ್ಕದಲ್ಲಿ ಇಂಚಿಗೆ 8 ನೂಲು ಅಲ್ವಾ? ಹಾಗಾದರೆ ಹಳೆಯದು 9 ನೂಲು, ಹೊಸದು 11 ನೂಲು. ವ್ಯತ್ಯಾಸ ಎರಡೇ ನೂಲು. ‘ಅಷ್ಟೇ ತಾನೇ’ ಅಂತೀರಾ? ಲೆಕ್ಕ ಮಾಡೋಣ.

ಶಾಫ್ಟು ದಪ್ಪವಾದಂತೆ ಅದರ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಹೆಚ್ಚುತ್ತೆ. ಜೊತೆಗೆ ಹೊರಗಿನ ಉಕ್ಕು ನಡುಬಿಂದುವಿನಿಂದ ಇನ್ನೂ ದೂರ ಹೋಗುತ್ತೆ; ಉದ್ದ ಹಿಡಿಯ ಸ್ಪ್ಯಾನರಿನಂತೆ ಅದಕ್ಕೆ ಹೆಚ್ಚು ಸತ್ತ್ವ ಬರುತ್ತೆ. ಎರಡೂ ಸೇರಿ, ತಿರುಚುವಿಕೆಯನ್ನು ತಡೆಯುವ ಸಾಮರ್ಥ್ಯ ವ್ಯಾಸದ ಘನದಂತೆ ಏರುತ್ತೆ. ಉಕ್ಕು ಒಂದೇ ತರದ್ದು ಎಂದುಕೊಂಡರೆ:

11 × 11 × 11 = 1331
9 × 9 × 9 = 729
1331 ÷ 729 = ಸುಮಾರು 1.8

ಎರಡು ನೂಲು ಹೆಚ್ಚಾದರೆ ಸಾಮರ್ಥ್ಯ ಸುಮಾರು 1.8 ಪಟ್ಟು!

ಹಳೇ ಗಾಡಿಗೆ ಹೊಸ ಯಂತ್ರ ಹಾಕಬೇಕೆಂದರೆ ಮಧ್ಯೆ ಒಂದು ಸ್ಲೀವ್ ತೊಡಿಸುತ್ತಾರೆ: ಒಳಗೆ 9 ನೂಲು, ಹೊರಗೆ 11 ನೂಲು. ಜೋಡಣೆ ಕೂಡುತ್ತೆ ನಿಜ. ಆದರೆ ಒಳಗಿನ ಶಾಫ್ಟು ಸಣ್ಣದಾಗಿಯೇ ಇರುತ್ತಲ್ಲ! ದಪ್ಪ ಅಂಗಿ ತೊಟ್ಟ ಮಾತ್ರಕ್ಕೆ ತೋಳಿಗೆ ಬಲ ಬರುವುದಿಲ್ಲ. ಭಾರಿ ಯಂತ್ರ ಹಾಕಿದರೆ ತಿರುಚಿ ಮುರಿಯುವುದು ಆ ಸಣ್ಣ ಶಾಫ್ಟೇ. ಅಲ್ಲದೆ ಸ್ಲೀವ್ ಹಾಕಿದ ಮೇಲೆ ಶಾಫ್ಟು ಇನ್ನಷ್ಟು ಹಿಂದಕ್ಕೆ ಚಾಚುತ್ತೆ. ರಕ್ಷಣಾ ಕವಚ ಅದನ್ನು ಪೂರ್ತಿ ಮುಚ್ಚದೇ ಹೋಗಬಹುದು.

ಕೆಲವು ಸಲ ಜೋಡಣೆ ಕೂಡದಿರುವುದೇ ಒಳ್ಳೆಯದು. ನಿಮಿಷಕ್ಕೆ 1000 ಸುತ್ತಿನ ಶಾಫ್ಟೂ ಒಂದಿದೆ. ವ್ಯಾಸ ಅದೇ 1 3/8 ಇಂಚು, ಆದರೆ ಹಲ್ಲು 21. 540 ಸುತ್ತಿನ ಯಂತ್ರವನ್ನು ಮರೆತು ಅದಕ್ಕೆ ಹಾಕಲು ಹೋದರೆ ಒಳಗೇ ಹೋಗಲ್ಲ. ಬೇರೆ ಬೀಗಕ್ಕೆ ಬೇರೆ ಕೀಲಿಕೈ ಇದ್ದ ಹಾಗೆ. ಹೋಗಿದ್ದರೆ ಯಂತ್ರ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ತಿರುಗಿ ಒಡೆದು ಚೂರಾಗಬಹುದಿತ್ತು.

ಕೊನೆಗೆ ಒಂದು ಲೆಕ್ಕ. ಇದನ್ನು ಮನೆಯಲ್ಲೂ ಹೇಳಿ. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ 9 ಸುತ್ತು. 35 ಮಿ.ಮೀ. ಶಾಫ್ಟಿನ ಸುತ್ತಳತೆ ಸುಮಾರು 11 ಸೆಂ.ಮೀ. 9 × 11 = 99. ಅಂದರೆ ಸೆರಗೋ ಟವೆಲ್ಲೋ ಸಿಕ್ಕಿಕೊಂಡರೆ ಒಂದೇ ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಬಟ್ಟೆಯನ್ನು ಅದು ಎಳೆದುಕೊಳ್ಳುತ್ತೆ. ‘ಅಯ್ಯೋ’ ಅನ್ನುವಷ್ಟರಲ್ಲಿ ಕೈಯೂ ಹೋಗಿರುತ್ತೆ. ಅದಕ್ಕೇ ತಿರುಗುವ ಶಾಫ್ಟಿನ ಹತ್ತಿರ ಹೋಗಬೇಡಿ, ಅದನ್ನು ದಾಟಬೇಡಿ. ಕವಚ ಇಲ್ಲದಿದ್ದರೆ ಹಾಕಿಸಿ ಅಂತ ಅಪ್ಪನಿಗೆ ಹೇಳಿ.

ನೀವೇ ಮಾಡಿ: ದೊಡ್ಡ ಟ್ರ್ಯಾಕ್ಟರುಗಳಲ್ಲಿ 45 ಮಿ.ಮೀ. ಶಾಫ್ಟು ಇರುತ್ತೆ. ಅದು 35 ಮಿ.ಮೀ. ಶಾಫ್ಟಿಗಿಂತ ಎಷ್ಟು ಪಟ್ಟು ಗಟ್ಟಿ? (ಸುಳಿವು: 45/35 = 9/7)