ಹದವರಿತು ಕಾಯಿಸಿದರೆ ಬೆಳಗುವ ಗಾಜು

ಪುತ್ತೂರು, ಸುಳ್ಯ, ಕಡಬಗಳ ಅಡಕೆ ತೋಟಗಳಲ್ಲಿ ಮರಗಳ ನೆರಳಿಗೆ ಕೊಕ್ಕೋ ಗಿಡಗಳು ಬೆಳೆಯುತ್ತವೆ. ಆ ಬೀಜಕ್ಕೆ ಬೆಲೆ ದೊರಕಲೆಂದು ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟು ಕಾರ್ಖಾನೆಯನ್ನು ಸ್ಥಾಪಿಸಿತು. ಬೇಸಗೆಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೈಮೇಲೆ ಬೂದಿ ಬಳಿದಂತಹ ಬಿಳುಪು ಮೂಡುವುದುಂಟು. ಬೂಷ್ಟು ಹಿಡಿದಿದೆಯೆಂದು ಅದನ್ನು ಎಸೆಯುವ ಗೃಹಿಣಿಯರೂ ಉಂಟು. ಆದರೆ ಅದು ಬೂಷ್ಟಲ್ಲ, ಕೊಕ್ಕೋ ಬೆಣ್ಣೆಯ ಹರಳು. ಹರಳುಗಳು ಸಣ್ಣದಾಗಿ, ಒತ್ತಾಗಿ ಕೂಡಿದ್ದರೆ ಚಾಕೊಲೇಟು ಮಿರುಗುತ್ತದೆ. ಹದ ತಪ್ಪಿ ಬೆಳೆದರೆ ಅವು ಬೆಳಕನ್ನು ಚೆದುರಿಸಿ ಮೈಯನ್ನು ಬಿಳಿಚಿಸುತ್ತವೆ.

ಗಾಜಿನ ವಿಷಯವೂ ಹೀಗೆಯೇ. ಕರಗಿದ ದ್ರವವು ತನ್ನ ಪರಮಾಣುಗಳು ಸಾಲಾಗಿ ನಿಲ್ಲುವ ಮೊದಲೇ ಬಿಗಿದುಕೊಂಡರೆ ಗಾಜಾಗುತ್ತದೆ. ಅದನ್ನು ಬಹಳ ಹೊತ್ತು ಬಿಸಿಯಲ್ಲಿಟ್ಟರೆ ಪರಮಾಣುಗಳು ಸಾಲುಗೂಡಿ ಹರಳಾಗುತ್ತವೆ, ಗಾಜು ಮಬ್ಬಾಗುತ್ತದೆ. ಗಾಜು ಮಾಡುವವರಿಗೆ ಇದು ಬಹುಕಾಲ ಶಾಪವಾಗಿತ್ತು.

ಆ ಶಾಪವು ವರವಾದದ್ದು ಆಕಸ್ಮಿಕವಾಗಿ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ರಸಾಯನಜ್ಞ ಡೊನಾಲ್ಡ್ ಸ್ಟೂಕಿಯವರು ಗಾಜಿನ ತುಂಡೊಂದನ್ನು 600 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಲೆಂದು ಕುಲುಮೆಯಲ್ಲಿಟ್ಟರು. ಶಾಖವು ಅಂಕೆ ಮೀರಿ 900 ಡಿಗ್ರಿಗೆ ಏರಿತು. ಕರಗಿಹೋಗಿರಬೇಕಾಗಿದ್ದ ಗಾಜು ಹಾಲಿನಂತೆ ಬೆಳ್ಳಗಾಗಿ ಗಟ್ಟಿಯಾಗಿಯೇ ಉಳಿದಿತ್ತು. ಇಕ್ಕುಳದಿಂದ ಜಾರಿ ನೆಲಕ್ಕೆ ಬಿದ್ದರೂ ಅದು ಒಡೆಯಲಿಲ್ಲ! ಗ್ಲಾಸ್ ಸಿರಾಮಿಕ್ ಎಂಬ ವಸ್ತುವಿನ ಜನ್ಮವೃತ್ತಾಂತವಿದು.

ಬಲವೇನೋ ಬಂದಿತು, ತಿಳಿತನ ಹೋಯಿತು. ಎರಡನ್ನೂ ಪಡೆಯುವ ಉಪಾಯವು ಹರಳಿನ ಗಾತ್ರದಲ್ಲಿ ಅಡಗಿದೆ. ಹಸಿರು ಬೆಳಕಿನ ಅಲೆಯ ಉದ್ದ ಸುಮಾರು 550 ನ್ಯಾನೋಮೀಟರು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರು. ಹರಳುಗಳು ಇಪ್ಪತ್ತು ಮೂವತ್ತು ನ್ಯಾನೋಮೀಟರಿನಷ್ಟೇ ಇದ್ದರೆ ಬೆಳಕು ಬಹುಮಟ್ಟಿಗೆ ಅಡ್ಡಿಯಿಲ್ಲದೆ ಹಾಯುತ್ತದೆ. ಅಂತಹ ಹರಳಿನ ಅಡ್ಡಳತೆ ಇಮ್ಮಡಿಯಾದರೆ ಅದು ಚೆದುರಿಸುವ ಬೆಳಕು 64 ಪಟ್ಟಾಗುತ್ತದೆ. ಆದುದರಿಂದ ಮೊದಲು ಕಡಿಮೆ ಶಾಖದಲ್ಲಿ ಅಸಂಖ್ಯಾತ ಹರಳಿನ ಮೊಳಕೆಗಳನ್ನು ಎಬ್ಬಿಸಿ, ಅನಂತರ ಶಾಖವನ್ನು ಏರಿಸಿ ಅವನ್ನು ಕೊಂಚವೇ ಬೆಳೆಯಗೊಡುವರು.

ಇಂತಹ ಗಾಜಿಗೆ ಎರ್ಬಿಯಂ, ಯಿಟರ್ಬಿಯಂ ಮೊದಲಾದ ವಿರಳ ಭಸ್ಮ ಧಾತುಗಳನ್ನು ಬೆರೆಸಿದರೆ ಅದು ಬೆಳಗಬಲ್ಲದು. ಸಾಮಾನ್ಯ ಗಾಜಿನ ಪರಮಾಣುಗಳ ಬಿರುಸಾದ ಕಂಪನವು ಈ ಧಾತುಗಳು ಹೀರಿದ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತದೆ. ಫ್ಲೋರೈಡ್ ಹರಳಿನಲ್ಲಿ ಕಂಪನ ಮೃದು. ಜಪಾನಿನಲ್ಲಿ ವಾಂಗ್ ಮತ್ತು ಓವಾಕಿ ಎಂಬವರು 1993ರಲ್ಲಿ ಗಟ್ಟಿ ಗಾಜಿನೊಳಗೆ ಸೂಕ್ಷ್ಮ ಫ್ಲೋರೈಡ್ ಹರಳುಗಳನ್ನು ಬೆಳೆಸಿ, ಈ ಎರಡು ಧಾತುಗಳಿಗೆ ಅಲ್ಲಿ ಮನೆ ಮಾಡಿಕೊಟ್ಟರು. ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹಾಯಿಸಲು, ಯಿಟರ್ಬಿಯಂ ಅದನ್ನು ಹೀರಿ ಎರ್ಬಿಯಂಗೆ ದಾಟಿಸಿತು. ಎರಡು ಕಂತಿನ ಶಕ್ತಿ ಕೂಡಿ ಕಾಣುವ ಬೆಳಕಾಗಿ ಹೊಮ್ಮಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕೆ. ಬಿ. ಆರ್. ವರ್ಮ ಮತ್ತು ಸಂಗಡಿಗರು ಬೇರೆ ಬಗೆಯ ಸೂಕ್ಷ್ಮ ಹರಳುಗಳನ್ನು ಗಾಜಿನಲ್ಲಿ ಬೆಳೆಸಿ, ಅವುಗಳ ಬೆಳಕಿನ ಗುಣಗಳನ್ನು ಪರಿಶೀಲಿಸಿದ್ದಾರೆ.

ಶಾಖ ಸಾಲದಿದ್ದರೆ ಧಾತು ಹರಳನ್ನು ಸೇರದು, ಬೆಳಕು ಮಂಕು. ಅತಿಯಾದರೆ ಹರಳು ಬಲಿತು ಗಾಜೇ ಮಬ್ಬು. ಪಾಕದ ಹದವನ್ನು ಬಲ್ಲ ಗೃಹಿಣಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ.