ಹಪ್ಪಳ ಸುತ್ತಿದ ಪತ್ರಿಕೆ

ಊರಿನಿಂದ ಮರಳಿದ ಮಿತ್ರರ ಪೆಟ್ಟಿಗೆ ಬಿಚ್ಚಿದಾಗ ನಾವು ಮೊದಲು ಕೈಹಾಕುತ್ತಿದ್ದುದು ಹಪ್ಪಳಕ್ಕಲ್ಲ, ಅದನ್ನು ಸುತ್ತಿದ್ದ 'ಉದಯವಾಣಿ'ಗೆ. ಕೊಲ್ಲಿಯ ನಮ್ಮ ಕೋಣೆಗಳಲ್ಲಿ ಆ ಹಾಳೆ ಕೈಯಿಂದ ಕೈಗೆ ದಾಟಿ, ಮಡಿಕೆ ಹರಿಯುವ ತನಕ ಓದಿಸಿಕೊಳ್ಳುತ್ತಿತ್ತು.

ನಮ್ಮ ಕರಾವಳಿಗೆ ಪತ್ರಿಕೆ ಹೊಸತೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹೊರಟಿತು. 1941ರಲ್ಲಿ ವಿ. ಎಸ್. ಕುಡ್ವರು ಮಂಗಳೂರಿನಿಂದ 'ನವಭಾರತ' ದಿನಪತ್ರಿಕೆ ಆರಂಭಿಸಿದರು. ಆದರೂ 1971ರ ಜನವರಿಯಲ್ಲಿ ಟಿ. ಮೋಹನದಾಸ್ ಪೈ, ಟಿ. ಸತೀಶ್ ಯು. ಪೈ ಅವರು ಮಣಿಪಾಲದಿಂದ 'ಉದಯವಾಣಿ' ಹೊರಡಿಸಿದ್ದು ಸಾಹಸವೇ ಸರಿ. ರಾಜಧಾನಿಯಲ್ಲ, ಜಿಲ್ಲಾ ಕೇಂದ್ರವೂ ಅಲ್ಲ. ಮುರಕಲ್ಲಿನ ಗುಡ್ಡದ ಮೇಲಿನ ಊರು. ಅಂದವಾದ ಮುದ್ರಣದಿಂದಲೂ ಹಳ್ಳಿ ಹಳ್ಳಿಯ ಸುದ್ದಿಯಿಂದಲೂ ಪತ್ರಿಕೆ ಮನೆಮಾತಾಯಿತು. ಕುಗ್ರಾಮಗಳನ್ನು ಹುಡುಕಿ ಅಲ್ಲಿಯ ಕಷ್ಟಗಳನ್ನು ಅಚ್ಚಿಗೆ ತಂದಿತು. 1983ರಲ್ಲಿ ಅದೇ ಬಳಗದಿಂದ ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ 'ತರಂಗ' ವಾರಪತ್ರಿಕೆ ಬಂತು.

ಇನ್ನೊಂದು ಮಾತನ್ನೂ ಮರೆಯಬಾರದು. ನಮ್ಮಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ, ಮತ್ತೆ ಕೆಲವರದು ಕುಂದಾಪುರದ ಕನ್ನಡ. ಒಂದೇ ಚಾಪೆಯ ಮೇಲೆ ಕುಳಿತು ನಾವೆಲ್ಲ ಓದಿದ್ದು ಮಾತ್ರ ಅಚ್ಚಿನ ಕನ್ನಡ. ಯಕ್ಷಗಾನ ಮೇಳದ 'ಇಂದಿನ ಆಟ', ಅಡಿಕೆಯ ಧಾರಣೆ, ಕಂಬಳದ ಫಲಿತಾಂಶ ಎಲ್ಲರಿಗೂ ಬೇಕಿತ್ತು. ಶ್ರದ್ಧಾಂಜಲಿಯ ಚಿತ್ರಗಳನ್ನು ಮಾತ್ರ ಅಳುಕಿನಿಂದಲೇ ನೋಡುತ್ತಿದ್ದೆವು. ನಮ್ಮಲ್ಲೊಬ್ಬರು ತಮಗೆ ಅಕ್ಷರ ಕಲಿಸಿದ ಮಾಸ್ತರರು ತೀರಿಕೊಂಡದ್ದನ್ನು ಓದಿದ್ದು ಹೀಗೆ ಸುತ್ತಿ ಬಂದ ಹಾಳೆಯಲ್ಲಿಯೇ. ಆಗ ಉತ್ತರಕ್ರಿಯೆ ಮುಗಿದು ತಿಂಗಳಾಗಿತ್ತು. ಅಂದು ರಾತ್ರಿ ಕೋಣೆಯಲ್ಲಿ ಯಾರೂ ರೇಡಿಯೋ ಹಾಕಲಿಲ್ಲ.

ಇಂದು ಊರಿನವರು ಏಳುವ ಮೊದಲೇ ಪತ್ರಿಕೆ ನಮ್ಮ ಮೊಬೈಲಿನಲ್ಲಿರುತ್ತದೆ. ಕಾಯುವ ಕಷ್ಟ ತಪ್ಪಿತು. ಆದರೆ ಪಕ್ಕದಲ್ಲಿ ಕುಳಿತ ಮಗು, "ಅಪ್ಪಾ, ಇಲ್ಲಿ ಎಂತ ಬರೆದಿದೆ?" ಎಂದು ಕೇಳುತ್ತದೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ದೂರದ ಪತ್ರಿಕೆ ಹತ್ತಿರ ಬಂತು. ಹತ್ತಿರದ ಓದುಗ ದೂರವಾಗುತ್ತಿದ್ದಾನೆ. ತಪ್ಪು ಮಗುವಿನದಲ್ಲ, ಕಲಿಸದ ನಮ್ಮದು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ವಾರದ ರಜೆಯ ದಿನ ಅರ್ಧ ಗಂಟೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಒಂದು ಸುದ್ದಿಯನ್ನು ಬೆರಳಿಟ್ಟು ಓದಿಸೋಣ. ಮುಂದಿನ ಸಂಚಿಕೆಗೆ ಮಕ್ಕಳೇ ಬರೆದ ನಾಲ್ಕು ಸಾಲು ಕಳುಹಿಸಿ. ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ, ಸಂತೋಷದಿಂದ ಅಚ್ಚುಹಾಕುತ್ತೇವೆ.